ಮೂರು ಮನೆಗೆ ಒಂದು ನಾಡಕೋವಿ: ಈ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನವರು. ಹೋದ ವರ್ಷ ಮಾವನವರು ತೀರಿಕೊಂಡರು. ಮೊನ್ನೆ ಅಟ್ಟ ಗುಡಿಸುವಾಗ ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ಹಳೇ ಕೋವಿ ಸಿಕ್ಕಿತು. ಭಾವನವರನ್ನು ಕೇಳಿದರೆ, 'ಇದೇನು ಮಹಾ, ನಮ್ಮ ಕಡೆ ಮೂರು ಮನೆಗೆ ಒಂದು ನಾಡಕೋವಿ ಇದ್ದೇ ಇದೆ, ಯಾರೂ ಕೇಳಲ್ಲ' ಎನ್ನುತ್ತಾರೆ. ಪಿಯುಸಿ ಓದುವ ಮಗ, ಅಮೆರಿಕದಲ್ಲಿ ಮನೆಯಲ್ಲೇ ಗನ್ ಮಾಡಿಕೊಳ್ಳಬಹುದಂತೆ ಎಂದು ವಿಡಿಯೋ ತೋರಿಸುತ್ತಾನೆ. ನಿಜವಾಗಿ ಎಷ್ಟು ಜನ ದೊಡ್ಡವರ ಹತ್ತಿರ ಇಂಥ ಮನೆಯಲ್ಲೇ ಮಾಡಿದ ಕೋವಿ ಇದೆ? ಯಾರಾದರೂ ಎಣಿಸಿದ್ದಾರಾ? ನಮ್ಮ ಅಟ್ಟದಲ್ಲಿರುವುದನ್ನು ಏನು ಮಾಡಬೇಕು?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಅರ್ಧ ಉತ್ತರ ಹೇಳಿಬಿಡುತ್ತೇನೆ. ಆ ಕೋವಿಯನ್ನು ಮುಟ್ಟಬೇಡಿ. ಒರೆಸಬೇಡಿ. ಕುದುರೆ ಎಳೆದು ನೋಡಬೇಡಿ. ಮಗನ ಕೈಗೆ ಸಿಗದ ಹಾಗೆ ಅಟ್ಟಕ್ಕೆ ಬೀಗ ಹಾಕಿ. ಕೇಪಿನ ಕೋವಿಗೆ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿಗೆ, ಈಡು ತುಂಬಿ, ಹೊಡೆಯದೆ ಹಾಗೇ ಮೂಲೆಗಿಡುವುದು ನಮ್ಮ ಕಡೆಯ ಹಳೇ ಅಭ್ಯಾಸ. ತೇವ ತಾಗದಿದ್ದರೆ ಕರಿಮದ್ದು ಎಷ್ಟೋ ದಶಕಗಳ ಮೇಲೂ ಹತ್ತಿಕೊಳ್ಳುತ್ತದೆ. ತುಂಬಿದ ಮನುಷ್ಯ ಈಗ ಇಲ್ಲ. ತುಂಬಿದ್ದರೋ ಇಲ್ಲವೋ ಎಂದು ಕೇಳುವುದು ಯಾರನ್ನು? ಉಳಿದರ್ಧವನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ಭಾವನವರ ಲೆಕ್ಕಕ್ಕೆ ಬರೋಣ. ಚಿಕ್ಕಮಗಳೂರಿನಲ್ಲಿ ವಕೀಲಿಕೆ ಶುರು ಮಾಡಿದ ಮೊದಲ ವರ್ಷದಿಂದಲೂ ನನ್ನ ಮೇಜಿಗೆ ಕೋವಿ ಕೇಸುಗಳು ಬರುತ್ತಲೇ ಇವೆ. 'ಮೂರು ಮನೆಗೆ ಒಂದು' ಎಂಬ ಮಾತನ್ನು ಕೊಪ್ಪದಲ್ಲೂ ಕೇಳಿದ್ದೇನೆ, ಸಕಲೇಶಪುರದಲ್ಲೂ ಕೇಳಿದ್ದೇನೆ. ಆಲೂರು ಕಡೆಯ ಒಬ್ಬರು ಇನ್ನೂ ಧಾರಾಳಿ. 'ಎರಡು ಮನೆಗೆ ಒಂದು ಬರ್ಕೊಳ್ಳಿ ಸಾರ್' ಎಂದಿದ್ದರು. ಇವರಲ್ಲಿ ಯಾರೂ ಎಣಿಸಿದವರಲ್ಲ. ರಾತ್ರಿ ಗದ್ದೆ ಕಡೆಯಿಂದ ಕೇಳುವ ಸದ್ದು, ಆಯುಧ ಪೂಜೆಯ ದಿನ ಜಗಲಿಯಲ್ಲಿ ಚೆಂಡುಹೂವು ಮುಡಿದು ಕೂತ ಕೋವಿ, ಮದುವೆ ಮನೆಯ ಶಿಕಾರಿ ಕತೆ, ಇಷ್ಟೇ ಈ ಲೆಕ್ಕದ ಆಧಾರ. ಒಂದೇ ಕೋವಿಯ ಸದ್ದು ಹತ್ತು ಮನೆಗೆ ಕೇಳುತ್ತದೆ, ಅಲ್ವಾ? ಹತ್ತೂ ಮನೆಯವರು ಒಂದೊಂದು ಕೋವಿ ಎಣಿಸುತ್ತಾರೆ.

ಅದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ಭಾವನವರ ಮಾತಿನಲ್ಲಿ ಮೂರು ಬೇರೆ ಬೇರೆ ಬಗೆಯ ಕೋವಿಗಳು ಒಂದೇ ಗೋಣಿಚೀಲದಲ್ಲಿ ಸೇರಿಕೊಂಡಿವೆ.

ಮೊದಲನೆಯದು ಲೈಸೆನ್ಸ್ ಇರುವ ಕೋವಿ. ಕಾಫಿ ತೋಟ, ಗದ್ದೆ, ಅಡಿಕೆ ಇರುವ ಮನೆಗಳಲ್ಲಿ ಇದು ಹೊಸದೇನಲ್ಲ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಬೆಳೆ ಕಾಯಲು ಬಾಯಿಂದ ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯನ್ನು, ಬಿಡಿಸಿ ಹೇಳುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ, ಅಂದರೆ ಕಾರ್ಟ್ರಿಡ್ಜ್, ಹಾಕುವ ಕೋವಿಗೂ ಲೈಸೆನ್ಸ್ ಕೊಡಬಹುದು. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿದ್ದರೆ ಅದು ಒಂಟಿ ನಳಿಗೆಯ ಕೇಪಿನ ಕೋವಿ. ಎಸ್‌ಬಿಬಿಎಲ್ ಎಂದರೆ ಒಂಟಿ ನಳಿಗೆಯ ತೋಟಾ ಕೋವಿ, ಡಿಬಿಬಿಎಲ್ ಎಂದರೆ ಜೋಡಿ ನಳಿಗೆ. ನೋಡುವವರ ಕಣ್ಣಿಗೆ ಹಳೇ ಕೇಪಿನ ಕೋವಿ ಎಲ್ಲವೂ 'ನಾಡಕೋವಿ'ಯೇ. ತುಕ್ಕು ಹಿಡಿದು, ಮರದ ಹಿಡಿಗೆ ತಂತಿ ಸುತ್ತಿದ್ದರೆ ಮುಗಿದೇ ಹೋಯಿತು. ಆದರೆ ಅದರ ಮೇಲೊಂದು ನಂಬರ್ ಇರುತ್ತದೆ, ಡಿಸಿ ಕಚೇರಿಯಲ್ಲಿ ಅದಕ್ಕೊಂದು ಫೈಲ್ ಇರುತ್ತದೆ.

ಎರಡನೆಯದು ಒಂದು ಕಾಲಕ್ಕೆ ಲೈಸೆನ್ಸ್ ಇದ್ದು, ಈಗ ಇಲ್ಲದ ಕೋವಿ. ನನ್ನನ್ನು ಕೇಳಿದರೆ ಮಲೆನಾಡಿನ ಅಟ್ಟಗಳ ಅಸಲಿ ಕತೆ ಇದೇ. ಅಜ್ಜನ ಹೆಸರಲ್ಲಿ ಲೈಸೆನ್ಸ್ ಇತ್ತು. ಅಜ್ಜ ಹೋದರು. ಜಮೀನು ಪಾಲಾಯಿತು, ಪಾತ್ರೆ ಪಾಲಾಯಿತು, ಕೋವಿ ಮಾತ್ರ ಯಾರ ಪಾಲಿಗೂ ಬರಲಿಲ್ಲ. ದೊಡ್ಡ ಮಗ ಬೆಂಗಳೂರಿನಲ್ಲಿ, ಚಿಕ್ಕವನಿಗೆ ಕಾಗದ ಪತ್ರದ ಗೋಜು ಬೇಡ. ನವೀಕರಣದ ತಾರೀಖು ಒಂದು ಸಲ ತಪ್ಪಿತು, ಆಮೇಲೆ ಹೋಗಲು ಹೆದರಿಕೆ. ಇದರ ಮೇಲೆ ಲೈಸೆನ್ಸ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಏರಿಸಿ, ಪ್ರತಿಯೊಂದಕ್ಕೂ ಯುಐಎನ್ ಎಂಬ ನಂಬರ್ ಕೊಡುವ ಕೆಲಸ ಬಂತು. ಆ ನಂಬರ್ ಇಲ್ಲದ ಲೈಸೆನ್ಸ್ ಸಿಂಧುವಲ್ಲ ಎಂದರು. ಕಡೇ ಗಡುವು 2020ರ ಜೂನ್ ಕೊನೆಗೆ ಮುಗಿಯಿತು. ಪೇಪರ್ ಓದದ, ತೋಟ ಬಿಟ್ಟು ಹೊರಗೆ ಬಾರದ ಎಷ್ಟೋ ಹಿರಿಯರು ಕಾಯ್ದೆಯ ಒಳಗಿದ್ದವರು ಗೊತ್ತೇ ಆಗದೆ ಹೊರಗೆ ಬಂದುಬಿಟ್ಟರು. ಇಂಥ ಕೋವಿಯನ್ನು ಅಕ್ರಮ ಎನ್ನಬಹುದು, ಮನೆಯಲ್ಲಿ ಮಾಡಿದ್ದು ಎನ್ನುವ ಹಾಗಿಲ್ಲ. ನನ್ನ ಮೇಜಿಗೆ ಬಂದ ಫೈಲುಗಳಲ್ಲಿ ಈ ಜಾತಿಯದ್ದೇ ಜಾಸ್ತಿ.

ಮೂರನೆಯದು ನೀವು ಕೇಳುತ್ತಿರುವ ಕೋವಿ. ಹುಟ್ಟಿನಿಂದಲೇ ಕಾಗದ ಇಲ್ಲದ್ದು. ಯಾರದೋ ಕುಲುಮೆಯಲ್ಲಿ, ಯಾವುದೋ ಶೆಡ್ಡಿನಲ್ಲಿ ತಯಾರಾದದ್ದು. ಮಾಡಿದವನ ಹೆಸರಿಲ್ಲ, ನಂಬರ್ ಇಲ್ಲ. ಇದು ಇಲ್ಲವೇ ಇಲ್ಲ ಎನ್ನಲು ನಾನು ತಯಾರಿಲ್ಲ. ಹಂದಿ ಎಂದುಕೊಂಡು ಜೊತೆಗಾರನಿಗೇ ಗುಂಡು ಹೊಡೆದ ಕೇಸಿನಲ್ಲಿ, ನಳಿಗೆ ಸಿಡಿದು ಹೊಡೆದವನದೇ ಬೆರಳು ಹೋದ ಕೇಸಿನಲ್ಲಿ ಇಂಥ ಕೋವಿ ಕೋರ್ಟಿನ ಮೇಜಿನ ಮೇಲೆ ಮಲಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಅದು ಮೂರು ಮನೆಗೆ ಒಂದಂತೆ ಇರುವ ವಸ್ತು ಅಲ್ಲ. ಒಂದು ಊರಲ್ಲಿ ಯಾರೋ ಒಬ್ಬಿಬ್ಬರ ಹತ್ತಿರ ಇರುತ್ತದೆ, ಊರಿಗೆಲ್ಲ ಆ ಹೆಸರು ಬರುತ್ತದೆ.

ಸರಿ, ಎಣಿಸಿದವರು ಇದ್ದಾರಾ? ನಮ್ಮ ಜನಗಣತಿಯವರು ಮನೆಯಲ್ಲಿ ಟಿವಿ ಇದೆಯೇ, ಸೈಕಲ್ ಇದೆಯೇ ಎಂದು ಕೇಳುತ್ತಾರೆ. ಕೋವಿ ಇದೆಯೇ ಎಂದು ಕೇಳುವುದಿಲ್ಲ. ಹೊರಗಿನ ಒಂದು ಅಂದಾಜು ಇದೆ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಸ್ಥೆ ಅದನ್ನು 2018ರಲ್ಲಿ ಪ್ರಕಟಿಸಿತು. 2017ರಲ್ಲಿ ಜಗತ್ತಿನ ಸಾಮಾನ್ಯ ಜನರ ಕೈಯಲ್ಲಿ, ಅಂದರೆ ಪೊಲೀಸು, ಮಿಲಿಟರಿ ಬಿಟ್ಟು, ಸುಮಾರು 85.7 ಕೋಟಿ ಬಂದೂಕು ಇತ್ತು ಎನ್ನುತ್ತದೆ ಅದು. ಅಮೆರಿಕದ್ದೇ 39.3 ಕೋಟಿ. ಎರಡನೇ ಜಾಗ ನಮ್ಮದು, 7.11 ಕೋಟಿ. ಇದರಲ್ಲಿ ದಾಖಲೆಯಲ್ಲಿ ಇರುವುದು 97 ಲಕ್ಷ. ಉಳಿದ 6.14 ಕೋಟಿ ದಾಖಲೆಯ ಹೊರಗೆ. ನೂರು ಜನರಿಗೆ 5.3 ಕೋವಿಯಂತೆ ಆಯಿತು. ಮಕ್ಕಳನ್ನು ಬಿಟ್ಟು ದೊಡ್ಡವರನ್ನಷ್ಟೇ ಹಿಡಿದರೆ ನೂರಕ್ಕೆ ಏಳೆಂಟು.

ಈ ಲೆಕ್ಕವನ್ನು ನಮ್ಮ ಜಿಲ್ಲೆಗೆ ಇಳಿಸಿ ನೋಡೋಣ. ದಾಖಲೆ ಇಲ್ಲದವಷ್ಟನ್ನೇ ಹಿಡಿದರೆ ನೂರು ಜನರಿಗೆ ಸುಮಾರು 4.6. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961. ಗುಣಿಸಿದರೆ 52 ಸಾವಿರ ಕೋವಿ. ಮನೆಗೆ ನಾಲ್ಕು ಜನ ಎಂದುಕೊಂಡರೆ ಐದಾರು ಮನೆಗೆ ಒಂದು! ಭಾವನವರು ಗೆಲ್ಲುವ ಹತ್ತಿರ ಬಂದರು ಅನ್ನಿಸುತ್ತದೆ. ಇದೇ ಲೆಕ್ಕ ಹಾಸನಕ್ಕೆ ಹಾಕಿದರೆ, ಅಲ್ಲಿ 17,76,421 ಜನ, 80 ಸಾವಿರ ದಾಟುತ್ತದೆ.

ಸುಮ್ನೆ ಗುಣಿಸಿದರೆ ಹೀಗೇ ಆಗುವುದು. ದೇಶದ ಸರಾಸರಿ ಮಳೆಯನ್ನು ಆಗುಂಬೆಗೂ ಅರಸೀಕೆರೆಗೂ ಒಂದೇ ಸಮ ಹಂಚಿದ ಹಾಗೆ. ಕೋವಿಯೂ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ತೆಗೆದರೆ ಆಯುಧ ಕಾಯ್ದೆಯ ಕೇಸುಗಳಲ್ಲಿ ಉತ್ತರಪ್ರದೇಶ ಯಾವಾಗಲೂ ಮುಂದೆ. ಅಲ್ಲಿನ ಕೈತಯಾರಿಯ ಆಯುಧವೇ ಬೇರೆ. ಅದು 'ಕಟ್ಟಾ', ಅಂಗಿಯೊಳಗೆ ಮುಚ್ಚಿಡುವ ಪಿಸ್ತೂಲು. ಬಿಹಾರದ ಮುಂಗೇರ್‌ನಲ್ಲಿ 18ನೇ ಶತಮಾನದ ನವಾಬ ಮೀರ್ ಖಾಸಿಂನ ಕಾಲದಿಂದ ಬಂದೂಕು ಮಾಡುವ ಕಸುಬಿದೆ. ಲೈಸೆನ್ಸ್ ಪಡೆದ ಕಾರ್ಖಾನೆಗಳೂ ಅಲ್ಲಿವೆ, ಕದ್ದು ಮಾಡುವವರೂ ಅಲ್ಲಿದ್ದಾರೆ. ಅಲ್ಲಿ ಕಟ್ಟಾ ಎಂದರೆ ಮಾರಾಟದ ಸರಕು, ಮನುಷ್ಯರ ಮೇಲೆ ಎತ್ತುವ ಆಯುಧ. ನಮ್ಮ ಕಡೆಯ ನಾಡಕೋವಿ ಉದ್ದನೆಯದು, ಹಂದಿಗೆ, ಕಾಡುಕೋಳಿಗೆ ಎಂದು ಇಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆ ಲಖನೌಗೂ ಹೊಂದುವುದಿಲ್ಲ, ಕಳಸಕ್ಕೂ ಹೊಂದುವುದಿಲ್ಲ.

ಹಾಗಾದರೆ ಪೊಲೀಸರು ಹಿಡಿದ ಕೋವಿಗಳನ್ನು ಎಣಿಸಬಹುದಲ್ಲ ಎನ್ನಬಹುದು. ಅದರಲ್ಲೂ ಎರಡು ತೊಡಕು. ಬ್ಯೂರೋದ ಪಟ್ಟಿಯಲ್ಲಿ ವಶಪಡಿಸಿಕೊಂಡ ಬಂದೂಕಿಗೆ ಎರಡೇ ಖಾನೆ. ಒಂದು ಲೈಸೆನ್ಸ್ ಇರುವ, ಕಾರ್ಖಾನೆಯದ್ದು. ಇನ್ನೊಂದು ಲೈಸೆನ್ಸ್ ಇಲ್ಲದ್ದು, ಒರಟು ಕೈಕೆಲಸದ್ದು, ನಾಡತಯಾರಿ, ಎಲ್ಲ ಸೇರಿ. ದೊಡ್ಡ ಪಾಲು ಎರಡನೇ ಖಾನೆಗೇ ಬೀಳುತ್ತದೆ. ಈಗ ನಿಮ್ಮ ಅಟ್ಟದ ಕೋವಿಯನ್ನೇ ತೆಗೆದುಕೊಳ್ಳಿ. ಅದು ಮಾವನವರ ಲೈಸೆನ್ಸ್ ಮುಗಿದು ಉಳಿದ ಕಾರ್ಖಾನೆ ಕೋವಿಯೇ ಆಗಿದ್ದರೂ, ಯಾವನೋ ಶೆಡ್ಡಿನಲ್ಲಿ ಮಾಡಿದ್ದೇ ಆಗಿದ್ದರೂ, ಕೊನೆಗೆ ಸೇರುವುದು ಒಂದೇ ರಾಶಿಗೆ. ಎರಡನೇ ತೊಡಕು, ಹುಡುಕಿದಲ್ಲಿ ಮಾತ್ರ ಸಿಗುತ್ತದೆ. ನಕ್ಸಲ್ ನಿಗ್ರಹ ಪಡೆ ಶೃಂಗೇರಿ, ಕೊಪ್ಪದ ಕಾಡು ಜಾಲಾಡುತ್ತಿದ್ದ ವರ್ಷಗಳಲ್ಲಿ ಕೋವಿ ಎಂಬ ಶಬ್ದ ಕೇಳಿದರೇ ಜನ ಬೆಚ್ಚುತ್ತಿದ್ದರು. ಪೊಲೀಸರ ಓಡಾಟ ಜಾಸ್ತಿಯಾದರೆ ಕೇಸು ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಅಟ್ಟದಲ್ಲಿರುವ ಕೋವಿ ಮಾತ್ರ ಅಷ್ಟೇ ಇರುತ್ತದೆ.

ಚುನಾವಣೆ ಬಂದರೆ ಇನ್ನೊಂದು ತಮಾಷೆ. ಕಳೆದ ಲೋಕಸಭಾ ಚುನಾವಣೆಗೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಮತದಾನ ನಡೆದದ್ದು 2024ರ ಏಪ್ರಿಲ್ 26ಕ್ಕೆ. ಹಲಸು ಬಲಿಯುವ ಕಾಲ, ಆನೆ ತೋಟಕ್ಕೆ ನುಗ್ಗುವ ಕಾಲ. ಚುನಾವಣೆ ಘೋಷಣೆಯಾದ ಮೇಲೆ ಲೈಸೆನ್ಸ್ ಇರುವವರು ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಬೇಡದಿದ್ದರೆ ಸ್ಕ್ರೀನಿಂಗ್ ಕಮಿಟಿಯಿಂದ ವಿನಾಯಿತಿ ತರಬೇಕು. ಬೆಳೆಗಾರರು ಪ್ರತಿ ಸಲವೂ ಗೊಣಗುತ್ತಾರೆ. ಅದರಲ್ಲಿ ನ್ಯಾಯ ಇಲ್ಲದಿಲ್ಲ. ನೆಟ್ಟಗಿರುವವನ ಕೋವಿ ಠಾಣೆಯ ಕಪಾಟಿನಲ್ಲಿ ಕೂತಿರುತ್ತದೆ. ಕಾಗದವೇ ಇಲ್ಲದ ಕೋವಿಗೆ ಚುನಾವಣೆಯೂ ಇಲ್ಲ, ನೀತಿಸಂಹಿತೆಯೂ ಇಲ್ಲ.

ಇನ್ನು ನೇರವಾಗಿ ಜನರನ್ನೇ ಕೇಳುವ ದಾರಿ. 'ಅಕ್ಕಾ, ನಿಮ್ಮ ಮನೇಲಿ ನಾಡಕೋವಿ ಇದೆಯಾ?' ಎಂದು ಫಾರಂ ಹಿಡಿದು ಬಂದವನಿಗೆ ಯಾರು ಹೌದೆನ್ನುತ್ತಾರೆ? ಕಾಫಿ ಕೊಟ್ಟು ಕಳಿಸುತ್ತಾರೆ, ಅಷ್ಟೇ. ಆದರೆ ಇದಕ್ಕೂ ಒಂದು ಉಪಾಯ ಇದೆ. ನನಗೆ ತುಂಬ ಇಷ್ಟವಾದದ್ದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬ ಅಮೆರಿಕದ ಸಂಶೋಧಕ ಇದರ ಮೂಲ ಯೋಚನೆ ಕೊಟ್ಟ. ಆಮೇಲೆ ಅದು ಹಲವು ರೂಪ ತಾಳಿತು. ಒಂದು ರೂಪ ಹೀಗಿದೆ. ಕೇಳುವವನು ಒಂದು ನಾಣ್ಯ ಕೊಟ್ಟು ಆಚೆ ತಿರುಗಿ ನಿಲ್ಲುತ್ತಾನೆ. ನೀವು ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ, ಕೋವಿ ಇರಲಿ ಬಿಡಲಿ, 'ಹೌದು' ಎನ್ನಬೇಕು. ಬಾಲ ಬಿದ್ದರೆ ನಿಜ ಹೇಳಬೇಕು. ಏನು ಬಿತ್ತು ಎಂದು ನಿಮಗೆ ಮಾತ್ರ ಗೊತ್ತು. ಹಾಗಾಗಿ ನಿಮ್ಮ 'ಹೌದು' ಕೇಳಿ ಯಾರೂ ನಿಮ್ಮನ್ನು ಹಿಡಿಯುವ ಹಾಗಿಲ್ಲ. ಆದರೆ ಎಲ್ಲರದನ್ನೂ ಒಟ್ಟು ಮಾಡಿದರೆ ಲೆಕ್ಕ ಸಿಗುತ್ತದೆ. ನೂರು ಜನರಲ್ಲಿ 56 ಮಂದಿ ಹೌದು ಎಂದರು ಎನ್ನಿ. ಸುಮಾರು 50 ನಾಣ್ಯದ ಹೌದು. ಬಾಲ ಬಿದ್ದ ಉಳಿದ 50 ಜನರಲ್ಲಿ 6 ಮಂದಿ ನಿಜದ ಹೌದು. ಅಂದರೆ ನೂರಕ್ಕೆ 12. ಇದು ಉದಾಹರಣೆಗೆ ನಾನು ಹಾಕಿದ ಸಂಖ್ಯೆ, ಭಾವನವರಿಗೆ ತೋರಿಸಿ ಅವರ ಕೈಗೆ ದೊಣ್ಣೆ ಕೊಡಬೇಡಿ.

ಇದು ಬರೀ ಪುಸ್ತಕದ ಮಾತಲ್ಲ. ದಕ್ಷಿಣ ಆಫ್ರಿಕಾದ ರೈತರನ್ನು 'ಚಿರತೆ ಕೊಂದಿದ್ದೀರಾ?' ಎಂದು ದಾಳ ಉರುಳಿಸಿ ಇದೇ ರೀತಿ ಕೇಳಿದರು. ಸುಮಾರು ಐವರಲ್ಲಿ ಒಬ್ಬರು ಕೊಂದಿದ್ದಾರೆ ಎಂದು ಲೆಕ್ಕ ಬಂತು. ಮುಖಕ್ಕೆ ಮುಖ ಕೊಟ್ಟು ಕೇಳಿದ್ದರೆ ಅಷ್ಟು ಮಂದಿ ಬಾಯಿ ಬಿಡುತ್ತಿದ್ದರಾ? ಆದರೆ ಇದಕ್ಕೂ ಒಂದು ಬೆಲೆ ಇದೆ. ನೂರೇ ಜನರನ್ನು ಕೇಳಿದರೆ ನಾಣ್ಯದ ಏರುಪೇರೇ ಸತ್ಯವನ್ನು ನುಂಗಿಹಾಕುತ್ತದೆ. ತಲೆ ಸರಿಯಾಗಿ 50 ಸಲವೇ ಬೀಳಬೇಕೆಂದೇನೂ ಇಲ್ಲ, 45 ಬೀಳಬಹುದು, 55 ಬೀಳಬಹುದು. ಆಗ ನಿಮ್ಮ 12 ಎರಡೂ ಆಗಬಹುದು, ಇಪ್ಪತ್ತೆರಡೂ ಆಗಬಹುದು. ಕೆಲವು ಸಾವಿರ ಜನರನ್ನು ಕೇಳಿದರೆ ಮಾತ್ರ ನಂಬುವಂಥ ಸಂಖ್ಯೆ ಬರುತ್ತದೆ. ಜೊತೆಗೆ ಪ್ರಶ್ನೆಯನ್ನೂ ಸೀಳಬೇಕು. 'ಕಾಗದ ಇಲ್ಲದ ಕೋವಿ ಇದೆಯಾ' ಬೇರೆ, 'ಕಾರ್ಖಾನೆಯದ್ದಲ್ಲದ ಕೋವಿ ಇದೆಯಾ' ಬೇರೆ. ಇನ್ನೂ ಒಂದು ಸೂಕ್ಷ್ಮ ಇದೆ. ಅವಿಭಕ್ತ ಕುಟುಂಬದಲ್ಲಿ ಅಟ್ಟದ ಮೇಲೊಂದು ಕೋವಿ ಇದ್ದರೆ ಅದು ಯಾರದ್ದು? ಭಾವನವರದ್ದೂ ಅಲ್ಲ, ನಿಮ್ಮ ಯಜಮಾನರದ್ದೂ ಅಲ್ಲ. ಇಬ್ಬರೂ 'ನನ್ನ ಹತ್ತಿರ ಇಲ್ಲ' ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ. ಮನೆ ಎಣಿಸಿದರೆ ಒಂದು ಉತ್ತರ, ತಲೆ ಎಣಿಸಿದರೆ ಇನ್ನೊಂದು.

ಮಗನ ಅಮೆರಿಕದ ವಿಡಿಯೋಗೆ ಬರುತ್ತೇನೆ. ಅವನು ಹೇಳಿದ್ದು ಅರ್ಧ ನಿಜ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ, ಬಂದೂಕು ಇಟ್ಟುಕೊಳ್ಳಲು ನಿಷೇಧ ಇಲ್ಲದ ವಯಸ್ಕ ತನ್ನ ಸ್ವಂತ ಬಳಕೆಗೆ, ಮಾರುವ ಉದ್ದೇಶ ಇಲ್ಲದೆ, ಬಂದೂಕು ಮಾಡಿಕೊಳ್ಳಬಹುದು. ಕೆಲವು ರಾಜ್ಯಗಳು ಇದನ್ನು ಬಿಗಿ ಮಾಡಿವೆ. ನಂಬರ್ ಇಲ್ಲದ ಇಂಥ ಬಂದೂಕಿಗೆ ಅಲ್ಲಿ 'ಘೋಸ್ಟ್ ಗನ್' ಎನ್ನುತ್ತಾರೆ, ದೆವ್ವದ ಹಾಗೆ ಜಾಡು ಸಿಗುವುದಿಲ್ಲ ಎಂದು. 2021ರಲ್ಲಿ ಅಪರಾಧಗಳ ತನಿಖೆಯಲ್ಲಿ ಸಿಕ್ಕವು ಸುಮಾರು 20 ಸಾವಿರ, 2016ರ ಹತ್ತು ಪಟ್ಟು. 2022ರಲ್ಲಿ ಸರ್ಕಾರ ಬಿಡಿಭಾಗದ ಕಿಟ್‌ಗಳಿಗೂ ನಂಬರ್ ಬೇಕು, ಕೊಳ್ಳುವವರ ಹಿನ್ನೆಲೆ ನೋಡಬೇಕು ಎಂದು ನಿಯಮ ತಂದಿತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಂದೂಕು ಇದೆ ಎಂದು ಹೇಳಿಕೊಳ್ಳಲು ಜನ ಅಂಜದ ದೇಶ ಅದು. ಪ್ಯೂ ಎಂಬ ಅಲ್ಲಿನ ಸಮೀಕ್ಷಾ ಸಂಸ್ಥೆ 2023ರಲ್ಲಿ ಕೇಳಿದಾಗ ಮೂವರು ವಯಸ್ಕರಲ್ಲಿ ಒಬ್ಬರು ತಮ್ಮ ಹತ್ತಿರ ಇದೆ ಎಂದರು. ಭಾವನವರ 'ಮೂರಕ್ಕೆ ಒಂದು' ಹೊಂದುವುದು ಅಲ್ಲಿಗೆ! ಅದೂ ಅಂಗಡಿಯಲ್ಲಿ ಕೊಂಡದ್ದೂ ಸೇರಿಸಿ.

ಕಾನೂನು ಬಿಗಿ ಇದ್ದರೆ ಕೈತಯಾರಿಯ ಬಂದೂಕು ಇರುವುದೇ ಇಲ್ಲ ಎಂದೂ ಅಲ್ಲ. ಜಪಾನಿನಷ್ಟು ಬಿಗಿ ಇರುವ ದೇಶ ಕಡಿಮೆ. ಅಲ್ಲೇ 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಕೊಂದದ್ದು ಒಬ್ಬನು ತಾನೇ ಮಾಡಿಕೊಂಡ ಬಂದೂಕಿನಿಂದ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ ಎಂದು ಮಗನಿಗೆ ಕೂರಿಸಿಕೊಂಡು ಹೇಳಿ. ಇಟ್ಟುಕೊಳ್ಳುವುದು ಒಂದು ಅಪರಾಧ, ಮಾಡುವುದು ಅದಕ್ಕಿಂತ ಬಹಳ ದೊಡ್ಡ ಅಪರಾಧ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ಸಾಮಾನ್ಯ ಕೋವಿ ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು ಮತ್ತು ದಂಡ. ಲೈಸೆನ್ಸ್ ಇಲ್ಲದೆ ಮಾಡಿದರೆ, ಮಾರಿದರೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಅಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಲೈಸೆನ್ಸ್ ಬೇಕು. 'ಸ್ವಲ್ಪ ವೆಲ್ಡಿಂಗ್ ಹಾಕಿಕೊಡಿ' ಎಂದು ಹಳೇ ನಳಿಗೆ ತಂದವನಿಗೆ ಉಪಕಾರ ಮಾಡಲು ಹೋಗಿ ಅಂಗಡಿಯವನೂ ಸಿಕ್ಕಿಬೀಳುತ್ತಾನೆ. ಓಟು ಹಾಕಲು 18 ವರ್ಷ ಸಾಕು, ಕೋವಿಯ ಲೈಸೆನ್ಸ್‌ಗೆ 21 ಆಗಿರಬೇಕು. ಒಬ್ಬರಿಗೆ ಮೂರು ಕೋವಿ ಇಟ್ಟುಕೊಳ್ಳಲು ಇದ್ದ ಅವಕಾಶವೂ 2019ರಲ್ಲಿ ಎರಡಕ್ಕೆ ಇಳಿಯಿತು. ಲೈಸೆನ್ಸ್ ಇದ್ದ ಮಾತ್ರಕ್ಕೆ ಬೇಟೆಗೆ ಅಪ್ಪಣೆ ಸಿಕ್ಕ ಹಾಗಲ್ಲ, ಅದಕ್ಕೆ ವನ್ಯಜೀವಿ ಕಾಯ್ದೆ ಬೇರೆ ಇದೆ.

'ಕೊಡಗಿನವರಿಗೆ ಲೈಸೆನ್ಸ್ ಬೇಕಾಗಿಲ್ಲ, ನಮಗೆ ಯಾಕೆ?' ಎಂಬ ಮಾತು ಸಕಲೇಶಪುರ, ಅರಕಲಗೂಡು ಕಡೆ ಜಾಸ್ತಿ ಕೇಳುತ್ತದೆ. ಗಡಿ ದಾಟಿದರೆ ಕೊಡಗೇ ಅಲ್ವಾ. ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಅದು ಲೈಸೆನ್ಸ್‌ನಿಂದ ಸಿಕ್ಕ ವಿನಾಯಿತಿ, ಹಿತ್ತಲಲ್ಲಿ ಕೋವಿ ಮಾಡುವುದಕ್ಕೆ ಸಿಕ್ಕ ಅಪ್ಪಣೆ ಅಲ್ಲ. ಹೇಮಾವತಿಯ ಈ ದಡಕ್ಕೆ ಅದು ಅನ್ವಯಿಸುವುದೂ ಇಲ್ಲ.

ಜನ ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದು ನನಗೆ ಅರ್ಥವಾಗದ ವಿಷಯವೇನಲ್ಲ. ತೆನೆ ಬಲಿತ ಗದ್ದೆಗೆ ಹಂದಿ ಹಿಂಡು ಇಳಿದರೆ ಒಂದು ರಾತ್ರಿಯಲ್ಲಿ ಆರು ತಿಂಗಳ ಕೆಲಸ ಹೋಗುತ್ತದೆ. ಲೈಸೆನ್ಸ್‌ಗೆ ಅರ್ಜಿ ಹಾಕಿದರೆ ಪೊಲೀಸ್ ವರದಿ, ಆ ಕಾಗದ, ಈ ಕಾಗದ ಎಂದು ಓಡಾಟ. ಆ ಸಿಟ್ಟಿನಲ್ಲಿ ಯಾರೋ ಕದ್ದು ಕೊಟ್ಟದ್ದನ್ನು ತಗೊಂಡವರೂ ಇದ್ದಾರೆ. ಆದರೆ ಕಾರ್ಖಾನೆಯ ಕೋವಿಯನ್ನು ಮಾರುವ ಮುಂಚೆ ಜಾಸ್ತಿ ಒತ್ತಡ ಹಾಕಿ ಪರೀಕ್ಷಿಸಿ ಗುರುತು ಒತ್ತುತ್ತಾರೆ. ನಾಡಕೋವಿಗೆ ಪರೀಕ್ಷೆ ನಡೆಯುವುದು ಹೊಡೆಯುವವನ ಕೆನ್ನೆಯ ಪಕ್ಕದಲ್ಲೇ. ಆನೆಗಂತೂ ಅದರಿಂದ ಏನೂ ಆಗುವುದಿಲ್ಲ. ನಾಲ್ಕು ಚರೆ ಚರ್ಮದಲ್ಲಿ ಕೂತು ಕೀವಾಗುತ್ತದೆ, ನೊಂದ ಆನೆ ಮರುದಿನ ದಾರಿಯಲ್ಲಿ ಸಿಕ್ಕ ಕೂಲಿಯವನ ಮೇಲೆ ಹೋಗುತ್ತದೆ.

ಈಗ ನಿಮ್ಮ ಅಟ್ಟಕ್ಕೆ ಬರೋಣ. ಕೋವಿ ಬಿಡಿ, ಮೊದಲು ಕಾಗದ ಹುಡುಕಿ. ಮಾವನವರ ಟ್ರಂಕು, ದೇವರ ಕೋಣೆಯ ಕಪಾಟು, ಪಹಣಿ ಕಟ್ಟಿಟ್ಟ ಕವರು, ಎಲ್ಲ ಕಡೆ ನೋಡಿ. ಲೈಸೆನ್ಸ್ ಪುಸ್ತಕ ಸಿಕ್ಕರೆ ನಿಮ್ಮ ದಾರಿ ಸುಲಭ. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಕೋವಿಯನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಆಯುಧ ವ್ಯಾಪಾರಿಯಲ್ಲಿ ಇಡಬೇಕು ಎನ್ನುತ್ತದೆ ಕಾಯ್ದೆಯ 21ನೇ ಸೆಕ್ಷನ್. ಒಂದು ವರ್ಷ ತಡವಾಗಿದೆ. ಗೊತ್ತಿರಲಿಲ್ಲ, ಈಗಷ್ಟೇ ಸಿಕ್ಕಿತು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಿ. ಕೋವಿ ಮನೆಯಲ್ಲಿ ಉಳಿಯಬೇಕು ಎಂದಿದ್ದರೆ 2016ರ ಆಯುಧ ನಿಯಮಗಳ 25ನೇ ನಿಯಮದಡಿ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಇದೇ ನಿಯಮದಲ್ಲಿ ಬದುಕಿದ್ದಾಗಲೇ ವರ್ಗಾಯಿಸುವ ಅವಕಾಶವೂ ಇದೆ. ಲೈಸೆನ್ಸ್‌ದಾರರಿಗೆ 70 ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ ಸಾಕು. ನಿಮ್ಮ ಮನೆಗೆ ತಡವಾಯಿತು, ಪಕ್ಕದ ಮನೆಯ ಅಜ್ಜನಿಗಾದರೂ ಹೇಳಿ.

ಪುಸ್ತಕ ಸಿಗದಿದ್ದರೆ ಡಿಸಿ ಕಚೇರಿಯ ಆಯುಧ ಲೈಸೆನ್ಸ್ ನೋಡುವ ಶಾಖೆಯಲ್ಲಿ ಮಾವನವರ ಹೆಸರಿನ ಹಳೇ ದಾಖಲೆ ವಿಚಾರಿಸಿ. ಅಲ್ಲೂ ಇಲ್ಲ, ಕೋವಿಯ ಮೇಲೆ ನಂಬರೂ ಇಲ್ಲ ಎಂದಾದರೆ ಅದು ಮೂರನೇ ಬಗೆಯದ್ದು. ಅದಕ್ಕೆ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಒಪ್ಪಿಸುವುದೊಂದೇ ದಾರಿ. ಹತ್ತಿರದ ವಕೀಲರನ್ನು ಕರೆದುಕೊಂಡು, ಕೋವಿ ಮನೆಯಲ್ಲೇ ಬಿಟ್ಟು, ಬರೀ ಅರ್ಜಿ ಹಿಡಿದು ಠಾಣೆಗೆ ಹೋಗಿ. ಅವರೇ ಬಂದು, ಮಹಜರು ಮಾಡಿ ತೆಗೆದುಕೊಂಡು ಹೋಗಲಿ. ಸ್ವೀಕೃತಿ ಪಡೆಯಿರಿ. ಇಟ್ಟುಕೊಂಡ ಅಪರಾಧಕ್ಕೆ ಮೊಕದ್ದಮೆ ಹೂಡಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು ಎಂದು 39ನೇ ಸೆಕ್ಷನ್ ಹೇಳುತ್ತದೆ. ತಾನಾಗಿ ಬಂದು ತಿಳಿಸಿದವರ ಅರ್ಜಿ ಆ ಫೈಲಿನಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಬಹಳ ವ್ಯತ್ಯಾಸ ಇದೆ.

ಕೋವಿಯನ್ನು ನೀವೇ ಒಯ್ಯಬೇಡಿ ಎಂದು ಯಾಕೆ ಹೇಳುತ್ತೇನೆ ಎಂದರೆ, ನನ್ನ ಕಕ್ಷಿದಾರರೊಬ್ಬರು ಅದನ್ನೇ ಮಾಡಿದರು. ಒಳ್ಳೇ ಮನುಷ್ಯ. ಅಪ್ಪನ ಕಾಲದ ಕೋವಿ ಒಪ್ಪಿಸಿಬಿಡೋಣ ಎಂದು ಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಹೊರಟರು. ಚುನಾವಣೆಯ ಕಾಲ. ಠಾಣೆ ಇನ್ನೂ ಎರಡು ಮೈಲಿ ಇರುವಾಗ ಚೆಕ್‌ಪೋಸ್ಟ್‌ನಲ್ಲಿ ಚೀಲ ಬಿಚ್ಚಿಸಿದರು. 'ಒಪ್ಪಿಸೋಕೇ ಹೋಗ್ತಿದ್ದೆ ಸಾರ್' ಎಂದರೆ ಅಲ್ಲಿ ಯಾರು ನಂಬುತ್ತಾರೆ? ಎಲ್ಲರೂ ಹೇಳುವುದು ಅದನ್ನೇ. ಕೇಸು ಮುಗಿಯುವ ಹೊತ್ತಿಗೆ ಅವರ ಮಗಳ ಮದುವೆಯಾಗಿ ಮೊಮ್ಮಗು ಬಂದಿತ್ತು.

ಭಾವನವರು 'ಸುಮ್ನೆ ಅಲ್ಲೇ ಇರಲಿ ಬಿಡು' ಎಂದರೆ ಅವರಿಗೆ 35ನೇ ಸೆಕ್ಷನ್ ಓದಿ ಹೇಳಿ. ಹಲವರು ಕೂಡಿ ಇರುವ ಮನೆಯಲ್ಲಿ ಕೋವಿ ಸಿಕ್ಕರೆ, ಅದು ಅಲ್ಲಿದೆ ಎಂದು ಗೊತ್ತಿದ್ದ ಪ್ರತಿಯೊಬ್ಬರೂ ಹೊಣೆ. ನನಗೆ ಈ ಪತ್ರ ಬರೆದ ಮೇಲೆ ನಿಮಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅವರಿಗೂ ಅಷ್ಟೇ.